ಮಗುವಿನ ಚೀಲವೂ ಶಾಲೆಯ ಭಯವೂ

ಅಮೆರಿಕೆಯ ಡೆಲವೇರ್ ಸಂಸ್ಥಾನದಲ್ಲಿ 2009ರಲ್ಲಿ ನಡೆದ ಒಂದು ಸಂಗತಿ ಓದುಗರಿಗೆ ಮೊದಲು ನಗು ತರಿಸೀತು. ಒಂದನೆಯ ತರಗತಿಯ ಆರು ವರ್ಷದ ಬಾಲಕನೊಬ್ಬ ಮಧ್ಯಾಹ್ನದ ಊಟಕ್ಕೆಂದು ಸ್ಕೌಟುಗಳು ಬಿಡಾರದಲ್ಲಿ ಬಳಸುವಂಥ ಒಂದು ಸಾಮಾನನ್ನು ಶಾಲೆಗೆ ತಂದ. ಚಮಚ, ಮುಳ್ಳುಚಮಚ, ಸಣ್ಣ ಚಾಕು ಮೂರೂ ಅದರಲ್ಲಿ ಒಟ್ಟಿಗೇ ಇದ್ದವು. ಶಾಲೆಯ ನಿಯಮಾವಳಿಯ ಪ್ರಕಾರ ಚಾಕು ಎಂದರೆ ಆಯುಧ. ಹುಡುಗನನ್ನು 45 ದಿನ ಪುಂಡ ಹುಡುಗರ ಶಾಲೆಗೆ ಕಳಿಸಬೇಕೆಂದು ತೀರ್ಮಾನವಾಯಿತು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಶಾಲಾ ಮಂಡಲಿ ನಿಯಮವನ್ನು ತಿದ್ದಿ, ಎಳೆಯ ಮಕ್ಕಳ ಶಿಕ್ಷೆಯನ್ನು ಕೆಲವೇ ದಿನಗಳಿಗೆ ಇಳಿಸಿತು.

ಆದರೆ ಇದು ನಕ್ಕು ಮರೆಯುವ ಮಾತಲ್ಲ. ಆ ದೇಶದ ಭಯ ಸುಳ್ಳು ಭಯವೂ ಅಲ್ಲ. 1999ರಲ್ಲಿ ಕೊಲಂಬೈನ್ ಶಾಲೆಯಲ್ಲಿ 12 ವಿದ್ಯಾರ್ಥಿಗಳೂ ಒಬ್ಬ ಉಪಾಧ್ಯಾಯರೂ ಗುಂಡಿಗೆ ಬಲಿಯಾದರು. 2022ರಲ್ಲಿ ಟೆಕ್ಸಾಸಿನ ಯುವಾಲ್ಡಿಯಲ್ಲಿ 19 ಮಕ್ಕಳೂ ಇಬ್ಬರು ಉಪಾಧ್ಯಾಯಿನಿಯರೂ ಸತ್ತರು. ಅಂಥ ಊರಿನ ತಾಯಿತಂದೆಯರ ಭಯವನ್ನು ಹಾಸ್ಯ ಮಾಡುವ ಅಧಿಕಾರ ನಮಗಿಲ್ಲ. ಪ್ರಶ್ನೆ ಇಷ್ಟೆ: ಬಂದೂಕದ ಭಯಕ್ಕೆ ಊಟದ ಚಮಚ ಏಕೆ ಸಿಕ್ಕಿಬಿತ್ತು?

1994ರಲ್ಲಿ ಅಲ್ಲಿ ಒಂದು ಕಾಯಿದೆಯಾಯಿತು. ಶಾಲೆಗೆ ಬಂದೂಕ ತಂದವನನ್ನು ಒಂದು ವರ್ಷ ಹೊರಗಿಡಬೇಕು ಎಂಬುದು ಅದರ ವಿಧಿ. ಆದರೆ ಒಂದೊಂದು ಪ್ರಕರಣವನ್ನೂ ನೋಡಿ ಶಿಕ್ಷೆಯನ್ನು ಬದಲಿಸುವ ಅವಕಾಶವನ್ನೂ ಆ ಕಾಯಿದೆಯೇ ಕೊಟ್ಟಿತ್ತು. ಊರೂರಿನ ಶಾಲಾಡಳಿತಗಳು ಬಂದೂಕದ ಜೊತೆಗೆ ಚಾಕುವನ್ನು ಸೇರಿಸಿದವು, ಆಟಿಕೆಯನ್ನೂ ಸೇರಿಸಿದವು. ನೋಡಿ ಯೋಚಿಸುವ ಅವಕಾಶವನ್ನು ಮಾತ್ರ ಕೈಬಿಟ್ಟವು. ಕಾರಣ ಸ್ಪಷ್ಟವಾಗಿದೆ. ಯೋಚಿಸಿ ತೀರ್ಮಾನಿಸಿದವನು ನಾಳೆ ಉತ್ತರ ಹೇಳಬೇಕು. ನಿಯಮ ಓದಿ ಶಿಕ್ಷಿಸಿದವನು ನಿಯಮದ ಹಿಂದೆ ಅವಿತುಕೊಳ್ಳಬಹುದು.

ಎಲ್ಲರಿಗೂ ಒಂದೇ ನಿಯಮವಾದರೆ ಪಕ್ಷಪಾತ ಇರುವುದಿಲ್ಲ ಎಂಬ ವಾದವೂ ಇತ್ತು. ಅದು ತಿರಸ್ಕರಿಸುವಂಥ ವಾದವೇನಲ್ಲ. ಆದರೆ ಅಮೆರಿಕೆಯ ಮನಶ್ಶಾಸ್ತ್ರಜ್ಞರ ಸಂಘ ನೇಮಿಸಿದ ಸಮಿತಿ 2006ರಲ್ಲಿ ಪರಿಶೀಲಿಸಿ, ಈ ಕಟ್ಟುನಿಟ್ಟಿನಿಂದ ಶಾಲೆಗಳು ಹೆಚ್ಚು ಸುರಕ್ಷಿತವಾದವೆಂಬುದಕ್ಕೆ ಆಧಾರವಿಲ್ಲವೆಂದು ಹೇಳಿತು. 2011-12ರ ಸರಕಾರಿ ಲೆಕ್ಕದಲ್ಲಿ ಕರಿಯ ಮಕ್ಕಳನ್ನು ಶಾಲೆಯಿಂದ ಹೊರಗಿಟ್ಟ ಪ್ರಮಾಣ ಬಿಳಿಯ ಮಕ್ಕಳ ಮೂರರಷ್ಟಿತ್ತು. ಕಲ್ಲು ಒಂದೇ ಆದರೇನು? ತಕ್ಕಡಿ ಹಿಡಿದ ಕೈ ವಾಲಿದ್ದರೆ ತೂಕ ಸರಿಬಾರದೆಂಬುದು ನಮ್ಮ ಅಂಗಡಿಕಾರ ಓದುಗರಿಗೆ ಹೇಳಿಕೊಡಬೇಕಾದ ಪಾಠವಲ್ಲ.

ಇನ್ನೊಂದು ಉದಾಹರಣೆ. 2023ರ ಜನವರಿಯಲ್ಲಿ ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್ ನಗರದಲ್ಲಿ ಆರು ವರ್ಷದ ಮಗುವೊಂದು ತನ್ನ ಉಪಾಧ್ಯಾಯಿನಿಗೇ ಗುಂಡು ಹಾರಿಸಿತು. ಮಗುವಿನ ಬಳಿ ಬಂದೂಕ ಇರಬಹುದೆಂದು ಸಿಬ್ಬಂದಿ ಅಂದೇ ಎಚ್ಚರಿಸಿದ್ದರು. ಮೇಲಿನವರು ಕಿವಿಗೊಡಲಿಲ್ಲ. ಒಂದು ಕಡೆ ಚಮಚಕ್ಕೆ ಹೆದರಿದರು, ಇನ್ನೊಂದು ಕಡೆ ಬಂದೂಕದ ಮಾತನ್ನು ಕೇಳಲಿಲ್ಲ. ಎರಡು ಕಡೆಯೂ ಕೊರತೆ ಒಂದೇ: ಮಗುವನ್ನು ಬಲ್ಲವರ ಮಾತಿಗೆ ಬೆಲೆಯಿರಲಿಲ್ಲ.

ಗಿರಣಿಯಲ್ಲಿ ದುಡಿಯುವವರಿಗೆ ಈ ವಿಷಯ ಹೊಸದಲ್ಲ. ಆರೋಪವನ್ನು ಬರವಣಿಗೆಯಲ್ಲಿ ಕೊಡದೆ, ಸಮಜಾಯಿಷಿ ಕೇಳದೆ ಕೆಲಸದಿಂದ ತೆಗೆಯಕೂಡದೆಂಬ ನ್ಯಾಯಕ್ಕಾಗಿ ಕಾರ್ಮಿಕರು ಹೋರಾಡಿದ್ದಾರೆ. ದೊಡ್ಡವರಿಗೆ ಸಲ್ಲುವ ಈ ನ್ಯಾಯ ಆರು ವರ್ಷದ ಮಗುವಿಗೆ ಬೇಡವೆ? ಅಮೆರಿಕೆಯ ಸುಪ್ರೀಂ ಕೋರ್ಟೇ 1975ರಲ್ಲಿ, ಹತ್ತು ದಿನ ಶಾಲೆಯಿಂದ ಹೊರಗಿಡಬೇಕಾದರೂ ವಿದ್ಯಾರ್ಥಿಗೆ ಆರೋಪ ತಿಳಿಸಿ ಅವನ ಮಾತು ಕೇಳಬೇಕೆಂದು ತೀರ್ಪು ಕೊಟ್ಟಿತ್ತು.

ಭಯ ನಮ್ಮ ದೇಶಕ್ಕೂ ಕಾಲಿಟ್ಟಿದೆ. 2025ರ ಆಗಸ್ಟಿನಲ್ಲಿ ಅಹಮದಾಬಾದಿನಲ್ಲಿ ಹತ್ತನೆಯ ತರಗತಿಯ ಹುಡುಗನೊಬ್ಬ ಶಾಲೆಯ ಬಳಿ ಇರಿತಕ್ಕೆ ಬಲಿಯಾದ. ಇಂಥದಾದಾಗಲೆಲ್ಲ ಚೀಲ ಶೋಧಿಸಿರೆಂಬ ಕೂಗು ಏಳುವುದು ಸಹಜ. ಶೋಧಿಸಲಿ, ಆದರೆ ಸಿಗುವುದೇನು? ಕೈವಾರ, ಸೀಸದ ಕಡ್ಡಿ ಹೆರೆಯುವ ಬ್ಲೇಡು, ಶಾಲೆ ಬಿಟ್ಟ ಮೇಲೆ ತಂದೆಯ ಅಂಗಡಿಯಲ್ಲಿ ಕೂರುವ ದರ್ಜಿಯ ಮಗನ ಚೀಲದಲ್ಲಿ ಕತ್ತರಿ. ಬಡವರ ಮನೆಯಲ್ಲಿ ಕಸುಬಿನ ಸಾಮಾನೂ ಪುಸ್ತಕದ ಚೀಲವೂ ಒಂದೇ ಮೂಲೆಯಲ್ಲಿರುತ್ತವೆ. ಕಣ್ಣುಮುಚ್ಚಿದ ನಿಯಮ ಬಂದರೆ ಮೊದಲು ಹೊರಬೀಳುವವರು ಈ ಮಕ್ಕಳೇ.

ಕಡ್ಡಾಯ ಶಿಕ್ಷಣದ 2009ರ ಕಾಯಿದೆ ಎಂಟನೆಯ ತರಗತಿ ಮುಗಿಯುವತನಕ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕಕೂಡದೆಂದಿದೆ. ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಈ ರಕ್ಷಣೆಯನ್ನು ಭಯದ ಹೆಸರಿನಲ್ಲಿ ಸಡಿಲಿಸಲು ನಾವು ಒಪ್ಪಲಾರೆವು. ಅಪಾಯದ ವಸ್ತುವನ್ನು ಉಪಾಧ್ಯಾಯರು ತೆಗೆದಿಟ್ಟುಕೊಳ್ಳಲಿ. ಏಕೆ ತಂದೆಯೆಂದು ಮಗುವನ್ನು ಕೇಳಲಿ. ಮನೆಯವರನ್ನು ಕರೆಸಲಿ. ಬೆದರಿಕೆ, ಹಗೆ ಕಂಡಲ್ಲಿ ತಡಮಾಡದೆ ಕ್ರಮ ಕೈಕೊಳ್ಳಲಿ. ಇದಕ್ಕೆಲ್ಲ ಪ್ರತಿಯೊಂದು ಮಗುವಿನ ಮುಖ ಪರಿಚಯವಿರುವಷ್ಟು ಉಪಾಧ್ಯಾಯರು ಬೇಕು. ಬಾಗಿಲಿಗೆ ಕಾವಲು ಹಾಕುವ ಮೊದಲು ತರಗತಿಗೆ ಮೇಷ್ಟ್ರನ್ನು ಕೊಡಿ ಎಂದು ನಾವು ಸರಕಾರವನ್ನು ಒತ್ತಾಯಿಸುತ್ತೇವೆ.