ಬಟನ್ ಒತ್ತುವ ಮುಂಚಿನ ಎರಡು ನಿಮಿಷ

ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ನೆಲದ ಮೇಲೆ ಅಂಗಾತ ಮಲಗಿ, ಕಾಲು ನೀಡಿ. ಸೊಂಟದ ಕೆಳಗೆ ಕೈ ತೂರಿಸಿ. ಬಹಳಷ್ಟು ಜನರಿಗೆ ಅಂಗೈ ಸಲೀಸಾಗಿ ಒಳಗೆ ಹೋಗುತ್ತದೆ. ಈಗ ಮೊಣಕಾಲು ಮಡಿಸಿ ಪಾದಗಳನ್ನು ನೆಲಕ್ಕೆ ಊರಿ. ಸೊಂಟ ತಾನಾಗಿಯೇ ಕೆಳಗಿಳಿದು ಕೈಯನ್ನು ಅದುಮುತ್ತದೆ. ಸೊಂಟದ ಎಕ್ಸ್‌ರೇ ಸ್ಪಷ್ಟವಾಗಿ ಬರುವುದರಲ್ಲಿ ಇಷ್ಟು ಸಣ್ಣ ಚಲನೆಗೆ ದೊಡ್ಡ ಪಾಲಿದೆ. ಲಕ್ಷಗಟ್ಟಲೆ ಬೆಲೆಯ ಯಂತ್ರಕ್ಕೆ ಇದನ್ನು ಮಾಡಿಸಲು ಬರುವುದಿಲ್ಲ. ಪಕ್ಕದಲ್ಲಿ ನಿಂತ ಮನುಷ್ಯ ಬಾಯಿಬಿಟ್ಟು ಹೇಳಬೇಕು.

ನಾನು ಮೆಡಿಕಲ್ ಎಲೆಕ್ಟ್ರಾನಿಕ್ಸ್‌ನಲ್ಲಿ ಬಿಇ ಓದುತ್ತಿದ್ದೇನೆ. ನಮ್ಮ ಪಾಠದಲ್ಲಿ ಎಕ್ಸ್‌ರೇ ಎಂದರೆ ಕ್ಯಾಥೋಡ್, ಆನೋಡ್, ಕಿಲೋವೋಲ್ಟ್, ಮಿಲಿಆಂಪಿಯರ್. ರಾಂಟ್ಜನ್ 1895ರ ನವೆಂಬರ್ 8ರಂದು ಈ ಕಿರಣಗಳನ್ನು ಕಂಡದ್ದು, 1901ರಲ್ಲಿ ಭೌತವಿಜ್ಞಾನದ ಮೊಟ್ಟಮೊದಲ ನೊಬೆಲ್ ಪಡೆದದ್ದು ಎಲ್ಲರಿಗೂ ಬಾಯಿಪಾಠ. ಬ್ಲಾಕ್ ಡಯಾಗ್ರಂ ನೀಟಾಗಿ ಬಿಡಿಸಿದರೆ ಅಂಕ ಗ್ಯಾರಂಟಿ. ಆ ಚಿತ್ರದಲ್ಲಿ ರೋಗಿ ಎಲ್ಲಿದ್ದಾನೆ? ಟ್ಯೂಬಿಗೂ ಡಿಟೆಕ್ಟರಿಗೂ ನಡುವೆ ಇರುವ ಒಂದು ಅಂಡಾಕಾರ, ಅಷ್ಟೇ. ಅದಕ್ಕೆ ಬೆನ್ನೂ ಇಲ್ಲ, ಬೆನ್ನುನೋವೂ ಇಲ್ಲ. ನಾವು ಮುಂದೆ ಇಂಥ ಯಂತ್ರಗಳನ್ನು ವಿನ್ಯಾಸ ಮಾಡುವವರು, ಮಾರುವವರು, ರಿಪೇರಿ ಮಾಡುವವರು. ಆದರೆ ಆ ಅಂಡಾಕಾರವನ್ನು ಹೇಗೆ ಮಲಗಿಸಬೇಕು ಎಂದು ನಾಲ್ಕು ವರ್ಷದಲ್ಲಿ ಒಂದು ಗಂಟೆಯೂ ನಮಗೆ ಹೇಳಿಕೊಡುವುದಿಲ್ಲ ಎನ್ನುವುದು ನನ್ನ ತಕರಾರು.

ಮೊಣಕಾಲನ್ನೇ ತೆಗೆದುಕೊಳ್ಳಿ. ಸೊಂಟದ ಭಾಗದಲ್ಲಿ ಐದು ಕಶೇರುಗಳಿವೆ, ನಡುನಡುವೆ ಡಿಸ್ಕ್‌ಗಳು. ವೈದ್ಯರು ನೋಡಬೇಕಾದ ಮುಖ್ಯ ವಿಷಯಗಳಲ್ಲಿ ಆ ಡಿಸ್ಕ್‌ಗಳ ಸಂದು ಒಂದು. ಕಾಲು ನೀಡಿ ಮಲಗಿದಾಗ ಬೆನ್ನು ಕಮಾನಿನಂತೆ ಬಾಗಿರುತ್ತದೆ, ಸಂದುಗಳು ಒಂದೊಂದು ದಿಕ್ಕಿಗೆ ಓರೆಯಾಗಿರುತ್ತವೆ. ಎಕ್ಸ್‌ರೇ ಕಿರಣವೋ ಟಾರ್ಚ್ ಬೆಳಕಿನ ಹಾಗೆ ಒಂದು ಬಿಂದುವಿನಿಂದ ಹೊರಟು ಹರಡುತ್ತದೆ. ಕಿಟಕಿಯ ಓರೆ ಪಟ್ಟಿಗಳ ನಡುವೆ ಇಣುಕಿದಂತೆ, ಕೋನ ಸರಿಯಿದ್ದರೆ ಆಚೆ ಕಾಣುತ್ತದೆ, ಇಲ್ಲದಿದ್ದರೆ ಪಟ್ಟಿಯೇ ಕಾಣುತ್ತದೆ. ಮೊಣಕಾಲು ಮಡಿಸಿದರೆ ಕಮಾನು ತಗ್ಗಿ, ಸಂದುಗಳು ಕಿರಣದ ದಾರಿಗೆ ಹತ್ತಿರವಾಗುತ್ತವೆ.

ಇನ್ನೊಂದು ಲಾಭ ಲೆಕ್ಕದಲ್ಲಿದೆ. ಟ್ಯೂಬಿನಿಂದ ಡಿಟೆಕ್ಟರಿಗೆ ಸಾಮಾನ್ಯವಾಗಿ 100 ಸೆಂ.ಮೀ. ದೂರ ಇಡುತ್ತಾರೆ. ಮೂಳೆ ಡಿಟೆಕ್ಟರಿನಿಂದ 10 ಸೆಂ.ಮೀ. ಮೇಲಿದ್ದರೆ ಅದರ ನೆರಳು ನಿಜ ಗಾತ್ರದ 1.11 ಪಟ್ಟು ಬೀಳುತ್ತದೆ. 20 ಸೆಂ.ಮೀ. ಮೇಲಿದ್ದರೆ 1.25 ಪಟ್ಟು. ನೆರಳು ದೊಡ್ಡದಾದಷ್ಟೂ ಅಂಚು ಮಸುಕು. ಹತ್ತನೇ ತರಗತಿಯ ಸಮರೂಪ ತ್ರಿಭುಜಗಳು ಇಲ್ಲಿ ಕೆಲಸಕ್ಕೆ ಬರುತ್ತವೆ ಎಂದು ಯಾರಾದರೂ ಆಗಲೇ ಹೇಳಿದ್ದರೆ ಆ ಅಧ್ಯಾಯವನ್ನು ಇನ್ನಷ್ಟು ಪ್ರೀತಿಯಿಂದ ಓದುತ್ತಿದ್ದೆ.

ಮಗ್ಗುಲಿನಿಂದ ತೆಗೆಯುವ ಚಿತ್ರ ಇನ್ನೂ ಸೂಕ್ಷ್ಮ. ಮಗ್ಗುಲಾಗಿ ಮಲಗಿದಾಗ ಭುಜ ಮತ್ತು ನಿತಂಬ ಎತ್ತರದಲ್ಲಿದ್ದು ನಡು ಜೋಲಿಯಂತೆ ತಗ್ಗುತ್ತದೆ. ಅಗಲ ಸೊಂಟದ ಹೆಂಗಸರಲ್ಲಿ ಇದು ಹೆಚ್ಚು. ನಡುವಿನ ಕೆಳಗೆ ಮಡಿಸಿದ ಬಟ್ಟೆ ಅಥವಾ ತೆಳು ದಿಂಬು ಇಟ್ಟು ಬೆನ್ನುಮೂಳೆ ಟೇಬಲ್ಲಿಗೆ ಸಮಾನಾಂತರವಾಗುವಂತೆ ಮಾಡಬೇಕು. ಆಗದಿದ್ದರೆ ಟ್ಯೂಬನ್ನೇ ಪಾದದ ಕಡೆಗೆ 5ರಿಂದ 8 ಡಿಗ್ರಿ ಓರೆ ಮಾಡುತ್ತಾರೆ. ಮೊಣಕಾಲುಗಳ ನಡುವೆ ಇನ್ನೊಂದು ದಿಂಬು ಇಟ್ಟರೆ ಸೊಂಟ ಮುಂದಕ್ಕೆ ಹೊರಳುವುದಿಲ್ಲ. ಬೆನ್ನಿನ ಹಿಂದೆ ಟೇಬಲ್ ಮೇಲೆ ಸೀಸದ ಹಾಳೆ ಇಟ್ಟರೆ ಚದುರಿದ ಕಿರಣಗಳು ಡಿಟೆಕ್ಟರಿಗೆ ಹೋಗಿ ಚಿತ್ರ ಮಂಕಾಗುವುದು ತಪ್ಪುತ್ತದೆ. ಕೊನೆಗೆ ಉಸಿರು. ಎದೆಯ ಎಕ್ಸ್‌ರೇಗೆ ಉಸಿರು ಎಳೆದು ಹಿಡಿಯಬೇಕು, ಸೊಂಟಕ್ಕೆ ಉಸಿರು ಬಿಟ್ಟು ಹಿಡಿಯಬೇಕು. ಎರಡನ್ನೂ ಒಂದೇ ‘ಉಸಿರು ಕಟ್ಟಿ’ ಎಂಬ ಮಾತಿನಲ್ಲಿ ಮುಗಿಸುವವರು ಇದ್ದಾರೆ. ಎದೆ ಉಬ್ಬಿಸಿಕೊಂಡು ಮುಖ ಕೆಂಪಗೆ ಮಾಡಿಕೊಂಡು ಮಲಗುವ ರೋಗಿಯದು ಅದರಲ್ಲಿ ಏನೂ ತಪ್ಪಿಲ್ಲ.

ನನ್ನ ದೊಡ್ಡಪ್ಪ ಮಂಡಿಯಲ್ಲಿ ಮೂಟೆ ಹೊರುವವರು. ಕಳೆದ ವರ್ಷ ಅವರನ್ನು ತಾಲ್ಲೂಕು ಕೇಂದ್ರದ ಒಂದು ಸ್ಕ್ಯಾನಿಂಗ್ ಸೆಂಟರಿಗೆ ಕರೆದುಕೊಂಡು ಹೋಗಿದ್ದೆ. ಮೊದಲ ಚಿತ್ರದಲ್ಲಿ ಅವರ ಬೆಳ್ಳಿಯ ಉಡಿದಾರ ಸರಿಯಾಗಿ ಕೆಳಗಿನ ಕಶೇರುಗಳ ಮೇಲೆ ಗೆರೆ ಎಳೆದಂತೆ ಬಂತು. ಬಿಚ್ಚಿ ಎಂದು ಯಾರೂ ಹೇಳಿರಲಿಲ್ಲ. ಎರಡನೆಯದರಲ್ಲಿ ಅಲ್ಲಾಡಿದರು. ಮೂರನೆಯದು ‘ನಡೆಯುತ್ತೆ ಬಿಡಿ’ ಎನ್ನುವಂತಿತ್ತು. ಹೊರಗೆ ಬಂದು ದೊಡ್ಡಪ್ಪ, ‘ಏನೋ ತಿರುಗು ಅಂದ್ರು, ಯಾವ ಕಡೆಗೆ ಅಂತ ಗೊತ್ತಾಗ್ಲಿಲ್ಲ ಕಣೋ. ಕೇಳೋಕೆ ಸಂಕೋಚ’ ಎಂದರು. ಅಲ್ಲಿದ್ದ ಟೆಕ್ನೀಷಿಯನ್ ಒಬ್ಬನೇ. ಹೊರಗೆ ಬೆಂಚಿನ ಮೇಲೆ ಇಪ್ಪತ್ತು ಜನ. ಅವನ ಜಾಗದಲ್ಲಿ ನಿಂತರೆ ನಾನೂ ‘ತಿರುಗಿ, ಅಲ್ಲಾಡಬೇಡಿ’ ಎಂದಷ್ಟೇ ಹೇಳುತ್ತಿದ್ದೆನೋ ಏನೋ. ಅವನ ಮೇಲಲ್ಲ ನನ್ನ ಸಿಟ್ಟು, ಒಬ್ಬನ ಕೈಗೆ ಅಷ್ಟು ಜನರನ್ನು ಕೊಟ್ಟು ಕೂರುವ ಲೆಕ್ಕಾಚಾರದ ಮೇಲೆ.

ಮತ್ತೆ ಮತ್ತೆ ತೆಗೆದರೆ ಏನಂತೆ ಎನ್ನಬಹುದು. ಸೊಂಟ ದಪ್ಪ ಭಾಗ, ಅದರಲ್ಲೂ ಮಗ್ಗುಲಿನಿಂದ. ಹೆಚ್ಚು ಕಿರಣ ಬೇಕು. ಎದೆಯ ಒಂದು ಎಕ್ಸ್‌ರೇಗೆ ಹೋಲಿಸಿದರೆ ಸೊಂಟದ ಪರೀಕ್ಷೆಯಲ್ಲಿ ದೇಹಕ್ಕೆ ಸಿಗುವ ವಿಕಿರಣ ಹತ್ತು ಪಟ್ಟಿಗೂ ಹೆಚ್ಚು. ಆದರೂ ಅದು ಹೆದರಿ ಓಡುವಷ್ಟಲ್ಲ. ಅಗತ್ಯವಿದ್ದಾಗ ಖಂಡಿತ ತೆಗೆಸಬೇಕು. ಆದರೆ ಹೊಟ್ಟೆಯ ಅಂಗಗಳು, ಹೆಂಗಸರಲ್ಲಿ ಅಂಡಾಶಯ ಇರುವುದು ಇದೇ ಜಾಗದಲ್ಲಿ. ಹಾಗಾಗಿಯೇ ಗರ್ಭಿಣಿಯಾಗಿರುವ ಸಾಧ್ಯತೆ ಇದೆಯೇ ಎಂದು ಮೊದಲೇ ಕೇಳಬೇಕಾದ್ದು. ಕ್ಯೂನಲ್ಲಿ ನಿಂತ ಎಲ್ಲರಿಗೂ ಕೇಳುವಂತೆ ಕೂಗಿ ಅಲ್ಲ, ಬಾಗಿಲು ಹಾಕಿ, ಮೆಲ್ಲಗೆ. ಚಿತ್ರದ ಮಧ್ಯಬಿಂದು ಗುರುತಿಸಲು ಟೆಕ್ನೀಷಿಯನ್ ಸೊಂಟದ ಎರಡೂ ಬದಿಯಲ್ಲಿ ಕೈಗೆ ಸಿಗುವ ಮೂಳೆಯ ಏಣನ್ನು ಮುಟ್ಟಿ ನೋಡುತ್ತಾರೆ. ಅದು ಹೆಚ್ಚುಕಡಿಮೆ ನಾಲ್ಕನೇ ಕಶೇರುವಿನ ಮಟ್ಟ. ‘ಇಲ್ಲಿ ಮುಟ್ಟುತ್ತೇನೆ ಅಮ್ಮ, ಮೂಳೆ ಎಲ್ಲಿದೆ ನೋಡಬೇಕು’ ಎಂದು ಒಂದು ಮಾತು ಮೊದಲು ಹೇಳಿದರೆ ನಮ್ಮ ಅಜ್ಜಿಯಂದಿರು ಮೈ ಬಿಗಿ ಹಿಡಿಯುವುದಿಲ್ಲ. ಮೈ ಬಿಗಿಯದಿದ್ದರೆ ಚಿತ್ರವೂ ಅಲ್ಲಾಡುವುದಿಲ್ಲ.

ಎಲ್ಲರಿಗೂ ಒಂದೇ ಭಂಗಿ ಎಂದೂ ಅಲ್ಲ. ಬೈಕಿನಿಂದ ಬಿದ್ದವರನ್ನು, ತೆಂಗಿನ ಮರದಿಂದ ಬಿದ್ದವರನ್ನು ಹೊರಳಿಸಲೇಬಾರದು. ಅವರನ್ನು ಮಲಗಿದಂತೆಯೇ ಬಿಟ್ಟು ಕಿರಣವನ್ನೇ ಅಡ್ಡಲಾಗಿ ಹಾಯಿಸಬೇಕು. ಕಶೇರು ಜಾರಿದೆಯೇ, ಬೆನ್ನು ಪಕ್ಕಕ್ಕೆ ಡೊಂಕಾಗಿದೆಯೇ ಎಂದು ನೋಡಬೇಕಾದಾಗ ನಿಲ್ಲಿಸಿ ತೆಗೆಯುತ್ತಾರೆ, ಮೈಭಾರ ಬಿದ್ದಾಗಷ್ಟೇ ಕೆಲವು ದೋಷ ಕಾಣುತ್ತದೆ. ಡೊಂಕು ಬೆನ್ನಿನ ಹುಡುಗಿಯರಿಗೆ ವರ್ಷಕ್ಕೆ ಹಲವು ಬಾರಿ ಎಕ್ಸ್‌ರೇ ಬೇಕಾಗಬಹುದು. ಅವರನ್ನು ಯಂತ್ರಕ್ಕೆ ಬೆನ್ನು ಮಾಡಿ ನಿಲ್ಲಿಸಿದರೆ ಎದೆಯ ಭಾಗಕ್ಕೆ ಬೀಳುವ ವಿಕಿರಣ ಕಡಿಮೆ. ಬೆನ್ನು ಡಿಟೆಕ್ಟರಿನಿಂದ ದೂರವಾಗಿ ನೆರಳು ತುಸು ದೊಡ್ಡದಾಗುತ್ತದೆ, ಆಗಲಿ. ಇಂಥ ಕೊಡು-ಕೊಳ್ಳುವ ಲೆಕ್ಕವೇ ಎಂಜಿನಿಯರಿಂಗ್ ಅಲ್ಲವೇ? ಇದನ್ನು ದಿನಕ್ಕೆ ಹತ್ತಾರು ಸಲ ನಿಂತಲ್ಲೇ ಮಾಡುವವರನ್ನು ನಾವು ‘ಬಟನ್ ಒತ್ತುವವರು’ ಎನ್ನುತ್ತೇವೆ.

ಕ್ಲಾಸಿನಲ್ಲಿ ಈ ಮಾತು ತೆಗೆದಾಗ ಗೆಳೆಯರು, ‘ಎಲ್ಲ ಎಐ ನೋಡಿಕೊಳ್ಳುತ್ತೆ ಬಿಡು’ ಎಂದರು. ಎಐ ಈಗಾಗಲೇ ಎಕ್ಸ್‌ರೇ ಓದಲು ನೆರವಾಗುತ್ತಿದೆ ನಿಜ. ಆದರೆ ಓರೆಯಾಗಿ ಮಲಗಿಸಿ ತೆಗೆದ ಚಿತ್ರದಲ್ಲಿ ಮುಚ್ಚಿಹೋದ ಸಂದನ್ನು ಯಾವ ಸಾಫ್ಟ್‌ವೇರೂ ತೆರೆಯಲಾರದು. ಡಿಜಿಟಲ್ ಯಂತ್ರದ ಇನ್ನೊಂದು ಆಮಿಷವೂ ಇದೆ. ಕಿರಣ ಹೆಚ್ಚಾದರೂ ಚಿತ್ರ ಚೆನ್ನಾಗಿಯೇ ಕಾಣುತ್ತದೆ, ಅಂಚನ್ನು ಆಮೇಲೆ ಕತ್ತರಿಸಬಹುದು. ಫಿಲಂ ಇದ್ದ ಕಾಲದಲ್ಲಿ ಕಪ್ಪಾದ ಫಿಲಂ ತಪ್ಪನ್ನು ಸಾರಿ ಹೇಳುತ್ತಿತ್ತು. ಈಗ ಪರದೆಯ ಮೇಲೆ ತಪ್ಪು ಕಾಣುವುದಿಲ್ಲ, ವಿಕಿರಣ ಮಾತ್ರ ದೇಹಕ್ಕೆ ಹೋಗಿರುತ್ತದೆ.

ನಿಯಮಗಳು ಇಲ್ಲವೆಂದಲ್ಲ. 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಯಂತ್ರದ ಪರವಾನಗಿ, ಗುಣಮಟ್ಟ ಪರೀಕ್ಷೆ, ಸಿಬ್ಬಂದಿಯ ಅರ್ಹತೆ ಎಲ್ಲವನ್ನೂ ಕೇಳುತ್ತದೆ. ರೇಡಿಯಾಲಜಿ ತಂತ್ರಜ್ಞರಂಥ ವೃತ್ತಿಗಳ ಶಿಕ್ಷಣ ಮತ್ತು ನೋಂದಣಿಗೆ 2021ರಲ್ಲಿ ಕೇಂದ್ರ ಕಾಯ್ದೆಯೂ ಬಂದಿದೆ. ಪಿಯುಸಿ ವಿಜ್ಞಾನದ ನಂತರ ಏನು ಮಾಡಲಿ ಎಂದು ಕೂತಿರುವ ತಮ್ಮ ತಂಗಿಯರಿಗೆ ಒಂದು ಮಾತು: ಇಮೇಜಿಂಗ್ ಟೆಕ್ನಾಲಜಿಯಲ್ಲಿ ಬಿಎಸ್ಸಿ ಇದೆ, ಪ್ಯಾರಾಮೆಡಿಕಲ್ ಡಿಪ್ಲೊಮಾ ಇದೆ. ‘ಡಾಕ್ಟರ್ ಸೀಟು ಸಿಗದವರು ಹೋಗುವ ಜಾಗ’ ಎಂದು ಯಾರಾದರೂ ಮೂಗು ಮುರಿದರೆ, ಮಗ್ಗುಲು ಚಿತ್ರದ ಜ್ಯಾಮಿತಿಯನ್ನು ಅವರಿಗೆ ವಿವರಿಸಲು ಹೇಳಿ.

ಇನ್ನು ನಮ್ಮ ವಯಸ್ಸಿನವರ ಕಥೆ. ಹಾಸ್ಟೆಲ್ ಮಂಚದ ಮೇಲೆ ಲ್ಯಾಪ್‌ಟಾಪ್, ಗುಂಡಿಬಿದ್ದ ರಸ್ತೆಯಲ್ಲಿ ಬೈಕು. ನಾಲ್ಕು ದಿನ ಸೊಂಟ ಹಿಡಿದರೆ ನೇರ ಎಕ್ಸ್‌ರೇ ತೆಗೆಸಲು ಓಡುತ್ತೇವೆ. ಬೇರೆ ಅಪಾಯದ ಲಕ್ಷಣ ಇಲ್ಲದಿದ್ದರೆ ಮೊದಲ 6 ವಾರ ಎಕ್ಸ್‌ರೇ ಬೇಡ ಎನ್ನುತ್ತವೆ ವೈದ್ಯಕೀಯ ಮಾರ್ಗಸೂಚಿಗಳು. ಹೆಚ್ಚಿನ ನೋವು ಸ್ನಾಯುವಿನದು, ಸ್ನಾಯು ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದೂ ಇಲ್ಲ. ಆದರೆ ಬಿದ್ದು ಪೆಟ್ಟಾಗಿದ್ದರೆ, ಜ್ವರ ಇದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ, ಕಾಲಿನಲ್ಲಿ ಶಕ್ತಿ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಒಂದು ದಿನವೂ ಕಾಯಬಾರದು.

ಸಿ.ಟಿ. ಯಂತ್ರಗಳಲ್ಲಿ ಉಸಿರು ಹಿಡಿಯಲು ಹೇಳುವ ಮುದ್ರಿತ ಧ್ವನಿ ಇರುತ್ತದೆ, ಬೇಕಾದ ಭಾಷೆಯಲ್ಲಿ ಮುದ್ರಿಸಿಕೊಳ್ಳಲೂಬಹುದು. ಸಾದಾ ಎಕ್ಸ್‌ರೇ ಕೋಣೆಗೆ ಅಂಥದ್ದೊಂದು ಪೆಟ್ಟಿಗೆ ಮಾಡುವುದು ದೊಡ್ಡ ಕೆಲಸವಲ್ಲ: ಒಂದು ಮೈಕ್ರೋಕಂಟ್ರೋಲರ್, ಒಂದು ಸ್ಪೀಕರ್, ನಾಲ್ಕು ಬಟನ್. ನಮ್ಮ ತಂಡ ಮುಂದಿನ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆ ಇದನ್ನೇ ಬರೆದುಕೊಟ್ಟಿದೆ. ‘ಉಡಿದಾರ ಬಿಚ್ಚಿಡಿ, ಮೊಣಕಾಲು ಮಡಿಸಿ, ಉಸಿರು ಬಿಡಿ, ಹಾಗೇ ಹಿಡಿದುಕೊಳ್ಳಿ, ಈಗ ಉಸಿರಾಡಿ.’ ಇಷ್ಟನ್ನೇ ಹಳೇ ಮೈಸೂರು, ಧಾರವಾಡ, ಕಲಬುರಗಿ, ಮಂಗಳೂರು ಕಡೆಯ ಮಾತಿನಲ್ಲಿ, ಜೊತೆಗೆ ತುಳು ಮತ್ತು ಉರ್ದುವಿನಲ್ಲಿ ಮುದ್ರಿಸಬೇಕು. ಕಲಬುರಗಿಯ ಧ್ವನಿ ಇನ್ನೂ ಸಿಕ್ಕಿಲ್ಲ, ಹುಡುಕುತ್ತಿದ್ದೇವೆ.