ಬರೆಯದ ಪುಸ್ತಕಗಳಿಗೆ ಮುಖಚಿತ್ರ

ವಿಜ್ಞಾನ ಕಾದಂಬರಿ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವ ಚಿತ್ರ ಯಾವುದು? ಬೆಂಕಿಯುಗುಳುತ್ತ ಮೇಲೇರುವ ರಾಕೆಟ್ಟು, ಗಾಜಿನ ಶಿರಸ್ತ್ರಾಣ ಧರಿಸಿದ ಒಬ್ಬ ಬಿಳಿಯ ವೀರ, ದೂರದಲ್ಲಿ ಬಳೆ ತೊಟ್ಟ ಶನಿಗ್ರಹ. ಈ ಚಿತ್ರವನ್ನು ನಮಗೆ ಯಾರೂ ಪಾಠ ಹೇಳಿ ಕಲಿಸಲಿಲ್ಲ. ಆದರೂ ಅದು ನಮ್ಮೆಲ್ಲರ ತಲೆಯಲ್ಲಿ ಭದ್ರವಾಗಿ ಕುಳಿತಿದೆ. ಅದು ಎಲ್ಲಿಂದ ಬಂತು, ಅದರ ಸ್ಥಳದಲ್ಲಿ ನಮ್ಮದೇ ಆದ ಚಿತ್ರವೊಂದನ್ನು ನಿಲ್ಲಿಸುವುದು ಸಾಧ್ಯವೆ, ಎಂಬುದೇ ಈ ಲೇಖನದ ವಿಚಾರ.

ಈ ವಿಚಾರ ಹುಟ್ಟಿದ್ದು ಒಂದು ಹವ್ಯಾಸದಿಂದ. ಈಚಿನ ವರುಷಗಳಲ್ಲಿ ಹಲವು ದೇಶಗಳ ತರುಣ ಚಿತ್ರಕಾರರು ಎಂದೂ ಅಚ್ಚಾಗದ ಹಳೆಯ ಗ್ರಂಥಮಾಲೆಯೊಂದನ್ನು ಮನಸ್ಸಿನಲ್ಲಿಯೇ ಕಲ್ಪಿಸಿಕೊಂಡು, ಅರವತ್ತು ವರುಷಗಳ ಹಿಂದಿನ ರೀತಿಯಲ್ಲಿ ಅದಕ್ಕೆ ಮುಖಚಿತ್ರ ಬರೆಯುತ್ತಿದ್ದಾರೆ. ಪುಸ್ತಕವಿಲ್ಲ, ಲೇಖಕನಿಲ್ಲ, ಪ್ರಕಾಶಕನಿಲ್ಲ. ಮುಖಚಿತ್ರವೊಂದು ಮಾತ್ರ ಉಂಟು. ಈ ವರುಷ ಕೆಲವು ಗೆಳೆಯರೊಡನೆ ನಾನೂ ಇದಕ್ಕೆ ಕೈಹಾಕಿದೆ. ಇದನ್ನು ಕೇಳಿದ ಹಿರಿಯರು ನಕ್ಕರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯಿತು ಎಂದರು. ಮಾತು ಚೆನ್ನಾಗಿದೆ. ಆದರೆ ಹೊಲಿಯುವವರು ಕೂಸಿನ ತಲೆ ಎಷ್ಟು ದೊಡ್ಡದಿದ್ದೀತು ಎಂದು ಒಂದು ಸಲವಾದರೂ ಯೋಚಿಸಲೇಬೇಕಲ್ಲವೆ? ಬರೆಯದ ಪುಸ್ತಕಕ್ಕೆ ಮುಖಚಿತ್ರ ಬರೆಯುವವನೂ ಅದರೊಳಗಿನ ಕತೆ ಏನೆಂದು ಯೋಚಿಸಲೇಬೇಕು. ಸರಿಯಾಗಿ ಮಾಡಿದರೆ ಇದು ಕಲಾ ವಿದ್ಯಾರ್ಥಿಗಳಿಗೆ ತಕ್ಕ ಅಭ್ಯಾಸವೆಂದೇ ನನ್ನ ಅಭಿಪ್ರಾಯ. ಆ 'ಸರಿಯಾಗಿ' ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬಯಸುತ್ತೇನೆ.

ಮೊದಲು ಆ ರಾಕೆಟ್ಟಿನ ಮೂಲವನ್ನು ನೋಡೋಣ. 1926ರ ಏಪ್ರಿಲ್‌ನಲ್ಲಿ ಹ್ಯೂಗೊ ಗರ್ನ್ಸ್‌ಬ್ಯಾಕ್ ಎಂಬವನು ಅಮೇರಿಕೆಯಲ್ಲಿ 'ಅಮೇಜಿಂಗ್ ಸ್ಟೋರೀಸ್' ಎಂಬ ಮಾಸಪತ್ರಿಕೆಯನ್ನು ತೆಗೆದನು. ಅದರ ಮೊದಲ ಸಂಚಿಕೆಯ ಮುಖಚಿತ್ರವನ್ನು ಬರೆದವನು ಫ್ರ್ಯಾಂಕ್ ಪಾಲ್. ಇವನು ವಾಸ್ತುಶಿಲ್ಪವನ್ನು ಅಭ್ಯಾಸ ಮಾಡಿದವನಾದ್ದರಿಂದ ಇವನ ಯಂತ್ರಗಳೂ ನಗರಗಳೂ ಕಟ್ಟಡದ ನಕ್ಷೆಯಂತೆ ಗಟ್ಟಿಯಾಗಿರುತ್ತವೆ. ಆ ಮೊದಲ ಚಿತ್ರದಲ್ಲಿ ಆಕಾಶದ ತುಂಬ ಶನಿಗ್ರಹ, ಕೆಳಗೆ ಹಿಮದ ಮೇಲೆ ಜಾರುತ್ತ ಆಡುವ ಜನ. ಹಿಮಗಟ್ಟಿದ ಕೆರೆಯ ಮೇಲೆ ಜಾರುವುದು ಆ ನಾಡಿನ ಚಳಿಗಾಲದ ಸಾಮಾನ್ಯ ಆಟ. ಅಂದರೆ ಆ ಚಿತ್ರಕಾರನು ತನ್ನ ಊರಿನ ಆಟವನ್ನೇ ಒಯ್ದು ಶನಿಯ ಕೆಳಗೆ ಇಟ್ಟನು. ನಾವಾದರೋ ಹಿಮವನ್ನು ಕಾಣದೆ ಅವನ ಜಾರಾಟವನ್ನೂ ನಕಲು ಮಾಡಲು ಹೊರಟಿದ್ದೇವೆ. ಅವನಿಂದ ಕಲಿಯಬೇಕಾದುದು ಹಿಮವನ್ನಲ್ಲ; ತನ್ನ ಊರನ್ನು ಆಕಾಶಕ್ಕೆ ಒಯ್ದ ಆ ಧೈರ್ಯವನ್ನು.

ನಮ್ಮ ದೇಶದಲ್ಲಿ ಈ ಧೈರ್ಯ ತೋರಿದವರು ಇಲ್ಲದಿಲ್ಲ. ವಿಜ್ಞಾನಿ ಜಗದೀಶಚಂದ್ರ ಬೋಸರು 1896ರಷ್ಟು ಹಿಂದೆಯೇ ಬಂಗಾಲಿಯಲ್ಲಿ ಒಂದು ಕತೆ ಬರೆದರು. ಅದರಲ್ಲಿ ಚಂಡಮಾರುತವನ್ನು ಅಡಗಿಸುವುದು ಯಾವ ಮಹಾಯಂತ್ರವೂ ಅಲ್ಲ, ಒಂದು ಸೀಸೆ ತಲೆಗೆ ಹಚ್ಚುವ ಎಣ್ಣೆ. ಸತ್ಯಜಿತ ರಾಯರು ಚಲನಚಿತ್ರಕ್ಕೆ ಬರುವ ಮುಂಚೆ ಕಲಕತ್ತೆಯ ಸಿಗ್ನೆಟ್ ಪ್ರೆಸ್ಸಿನ ಪುಸ್ತಕಗಳಿಗೆ ಮುಖಚಿತ್ರ ಬರೆಯುತ್ತಿದ್ದರು. ಬಂಗಾಲಿ ಅಕ್ಷರಗಳನ್ನು ಅವರು ಕುಂಚದಿಂದ ತಿದ್ದಿದ ರೀತಿಯನ್ನು ಇಂದಿಗೂ ಅಭ್ಯಾಸ ಮಾಡುತ್ತಾರೆ. 1961ರಲ್ಲಿ ಅವರೇ ಪ್ರೊಫೆಸರ್ ಶೊಂಕು ಎಂಬ ವಿಜ್ಞಾನಿಯ ಕತೆಗಳನ್ನು 'ಸಂದೇಶ' ಪತ್ರಿಕೆಯಲ್ಲಿ ಬರೆಯತೊಡಗಿದರು. ಆ ಕತೆಗಳಿಗೆ ಚಿತ್ರಗಳನ್ನೂ ಬರೆದರು.

ಕನ್ನಡದಲ್ಲಿ? ಪತ್ತೇದಾರಿ ಕಾದಂಬರಿಯ ಮುಖಚಿತ್ರ ನಮ್ಮಲ್ಲಿ ಬಲು ದೊಡ್ಡ ಬೆಳೆ. ಎನ್. ನರಸಿಂಹಯ್ಯನವರೊಬ್ಬರೇ ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದು ಜನರಿಗೆ ಓದುವ ಚಟ ಹತ್ತಿಸಿದರು. ವಿಜ್ಞಾನ ಕಾದಂಬರಿಯ ಬೆಳೆ ಮಾತ್ರ ವಿರಳ. ರಾಜಶೇಖರ ಭೂಸನೂರಮಠರಂಥವರು ಅದರಲ್ಲಿ ನಿಷ್ಠೆಯಿಂದ ದುಡಿದರು. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' 1980ರಲ್ಲಿ ಬಂದಾಗ ವಿಜ್ಞಾನದ ಬೆರಗಿಗೆ ರಾಕೆಟ್ಟು ಬೇಕಿಲ್ಲ, ಮೂಡಿಗೆರೆಯ ಕಾಡಿನ ಒಂದು ಹಾರುವ ಓತಿ ಸಾಕು ಎಂಬುದು ಗೊತ್ತಾಯಿತು. ನಮ್ಮ ಹಿಂದಿನ ತಲೆಮಾರಿನ ಹಳ್ಳಿಯ ಹುಡುಗರಿಗೆ ರಾಕೆಟ್ಟಿನ ಬಣ್ಣದ ಚಿತ್ರ ಸಿಕ್ಕಿದ್ದು ಕಾದಂಬರಿಯ ಮೇಲಲ್ಲ. 'ಸೋವಿಯತ್ ಲ್ಯಾಂಡ್' ಪತ್ರಿಕೆಯ ನುಣುಪಾದ ಹಾಳೆಗಳನ್ನು ಹರಿದು ಶಾಲೆಯ ಪುಸ್ತಕಗಳಿಗೆ ಹೊದಿಕೆ ಹಾಕುವ ರೂಢಿ ಮನೆಮನೆಯಲ್ಲಿಯೂ ಇತ್ತು. ಅಂಕಗಣಿತದ ಪುಸ್ತಕದ ಮೈಮೇಲೆ ರಶಿಯದ ರಾಕೆಟ್ಟು! ಇದೂ ಒಂದು ಮುಖಚಿತ್ರವೇ. ಆದರೆ ಪರರ ನಾಳೆಯ ಚಿತ್ರ. 1960ರ ದಶಕದಲ್ಲಿ ಒಂದು ಕನ್ನಡ ವಿಜ್ಞಾನ ಗ್ರಂಥಮಾಲೆ ಹೊರಟಿದ್ದರೆ ನಮ್ಮವರು ತಮ್ಮ ನಾಳೆಯನ್ನು ಹೇಗೆ ಚಿತ್ರಿಸುತ್ತಿದ್ದರು? ಈ ಪ್ರಶ್ನೆಗೆ ಉತ್ತರ ಹುಡುಕುವುದೇ ನಮ್ಮ ಅಭ್ಯಾಸದ ತಿರುಳು.

ಇನ್ನು ಮಾಡುವ ರೀತಿ. ಹಳೆಯದರಂತೆ ಕಾಣಿಸಬೇಕೆಂದು ಅನೇಕರು ಕಂಪ್ಯೂಟರಿನಲ್ಲಿ ಚಿತ್ರ ಬರೆದು ಅದಕ್ಕೆ ಮಡಿಕೆ, ಕಲೆ, ಹಳದಿ ಬಣ್ಣ ಬಳಿಯುತ್ತಾರೆ. ಇದು ಶಾಲೆಯ ನಾಟಕದಲ್ಲಿ ಹುಡುಗನು ಹತ್ತಿಯ ಗಡ್ಡ ಅಂಟಿಸಿಕೊಂಡು ಮುದುಕನಾದ ಹಾಗೆ. ಹಳೆಯ ಮುಖಚಿತ್ರದ ಅಂದ ಅದರ ಕೊಳೆಯಲ್ಲಿ ಇರಲಿಲ್ಲ. ಅದರ ಬಡತನದಲ್ಲಿ ಇತ್ತು. ಅಂದಿನ ಅಚ್ಚುಕೂಟದಲ್ಲಿ ಪ್ರತಿಯೊಂದು ಬಣ್ಣಕ್ಕೂ ಬೇರೆ ಬ್ಲಾಕು ಮಾಡಿಸಬೇಕು. ಪ್ರತಿಯೊಂದು ಬ್ಲಾಕಿಗೂ ಅದೇ ಕಾಗದವನ್ನು ಮತ್ತೊಮ್ಮೆ ಯಂತ್ರಕ್ಕೆ ಕೊಡಬೇಕು. ಬಣ್ಣ ಹೆಚ್ಚಿದಷ್ಟೂ ಖರ್ಚು ಹೆಚ್ಚು. ಆದುದರಿಂದ ಚಿತ್ರಕಾರನು ಎರಡು ಬಣ್ಣಗಳಲ್ಲಿಯೇ ಸಂಸಾರ ನಡೆಸಬೇಕಾಗಿತ್ತು. ಹಳದಿಯ ಮೇಲೆ ನೀಲಿ ಬಿದ್ದಲ್ಲಿ ಹಸಿರು. ಬಣ್ಣ ಬೀಳದ ಕಡೆ ಕಾಗದದ ಬಿಳುಪು. ಹೀಗೆ ಎರಡರ ದುಡ್ಡಿನಲ್ಲಿ ನಾಲ್ಕನ್ನು ದಕ್ಕಿಸಿಕೊಳ್ಳುತ್ತಿದ್ದನು. ಬ್ಲಾಕು ಕೂದಲೆಳೆಯಷ್ಟು ಸರಿದರೆ ಅಂಚಿನಲ್ಲಿ ಒಂದು ಬೆಳ್ಳಗಿನ ಗೆರೆ ಉಳಿಯುತ್ತಿತ್ತು. ನಮಗೆ ಇಂದು ಮೋಹಕವಾಗಿ ಕಾಣುವುದು ಈ ನಿರ್ಬಂಧದ ಗುರುತು.

1935ರಲ್ಲಿ ಆರು ಪೆನ್ಸಿಗೆ ಒಂದರಂತೆ ಮಾರಾಟಕ್ಕೆ ಬಂದ ಪೆಂಗ್ವಿನ್ ಪುಸ್ತಕಗಳಿಗೆ ಚಿತ್ರವೇ ಇರಲಿಲ್ಲ. ಕಾದಂಬರಿಗೆ ಕಿತ್ತಳೆ, ಪತ್ತೇದಾರಿಗೆ ಹಸಿರು, ಜೀವನಚರಿತ್ರೆಗೆ ನೀಲಿ ಪಟ್ಟಿ. ಅಷ್ಟರಿಂದಲೇ ಲೋಕ ಅವನ್ನು ಗುರುತಿಸಿತು. ದೂರ ಹೋಗುವುದೇಕೆ? ನಮ್ಮ ಹಳದಿ-ಕೆಂಪು ಕನ್ನಡ ಬಾವುಟವನ್ನು 1960ರ ದಶಕದಲ್ಲಿ ರೂಪಿಸಿದ ಮ. ರಾಮಮೂರ್ತಿಯವರು ಪತ್ತೇದಾರಿ ಕಾದಂಬರಿಗಳನ್ನು ಬರೆದವರು. ಅರಿಸಿನ ಕುಂಕುಮಗಳ ಎರಡು ಬಣ್ಣ ಒಂದು ನಾಡಿಗೇ ಸಾಕಾಗಿರುವಾಗ ಒಂದು ಪುಸ್ತಕಕ್ಕೆ ಸಾಲದೆ? ಆದುದರಿಂದ ನಾವು ಹಾಕಿಕೊಂಡ ಮೊದಲ ಕಟ್ಟಳೆ ಎರಡೇ ಬಣ್ಣ ಎಂಬುದು. ಅವನ್ನು ಹೊಲದಿಂದಲೇ ಆರಿಸಿಕೊಂಡೆವು: ಎರೆಭೂಮಿಯ ಕಪ್ಪು, ಜೋಳದ ಹೊಲದ ಅಕ್ಕಡಿಯಲ್ಲಿ ಹೂಬಿಟ್ಟ ಕುಸುಬೆಯ ಹಳದಿ. ಬಿಳಿಜೋಳದ ತೆನೆಗೆ ಕಾಗದದ ಬಿಳುಪು ಇದ್ದೇ ಇದೆ.

ಎರಡನೆಯ ಕಟ್ಟಳೆ, ಶೀರ್ಷಿಕೆಯನ್ನು ಕೈಯಿಂದಲೇ ಬರೆಯಬೇಕು. ಇಂಗ್ಲಿಷಿನ ದೊಡ್ಡ ಅಕ್ಷರಗಳು ಒಂದೇ ಗೆರೆಯ ಮೇಲೆ ಸಿಪಾಯಿಗಳಂತೆ ನಿಲ್ಲುತ್ತವೆ. ಕನ್ನಡಕ್ಕೆ ತಲೆಕಟ್ಟುಂಟು, ಗುಡಿಸುಂಟು, ಕೆಳಗೆ ಇಳಿಬೀಳುವ ಒತ್ತುಗಳುಂಟು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಸಿದ್ಧ ಅಕ್ಷರಗಳನ್ನು ಜೋಡಿಸುವವನಿಗೆ ಇದು ತೊಡಕು; ಕೈಯಿಂದ ಬರೆಯುವವನಿಗೆ ಇದೇ ಸಂಪತ್ತು. ನಮ್ಮ ಒಂದು ಪುಸ್ತಕದ ಹೆಸರು 'ಕೃಷ್ಣೆಯ ಕೆಳಗಿನ ಊರು'. ಗೆಳತಿಯೊಬ್ಬಳು 'ಷ್ಣೆ' ಅಕ್ಷರದ ನಡುವೆ ಒಂದು ನೀರಿನ ಗೆರೆ ಎಳೆದಳು. ಅಕ್ಷರ ನೀರಿನ ಮೇಲೆ, ಅದರ ಒತ್ತು ನೀರಿನೊಳಗೆ. ಕತೆಯೆಲ್ಲ ಅಲ್ಲಿಯೇ ಬಂದುಹೋಯಿತು. ಇಂದು ಫೋನಿನಲ್ಲಿ ನಾಲ್ಕು ಮಾತು ಬರೆದರೆ ಯಂತ್ರವೇ ಅರ್ಧ ನಿಮಿಷದಲ್ಲಿ ಚಿತ್ರ ಬರೆದುಕೊಡುತ್ತದೆ. ನಾವು ಕೇಳಿ ನೋಡಿದಾಗ ಅದು ಕೊಟ್ಟದ್ದು ಅದೇ ರಾಕೆಟ್ಟು, ಅದೇ ಬಿಳಿಯ ವೀರ; ಕನ್ನಡದ ಒತ್ತಕ್ಷರಗಳಂತೂ ಜಿಲೇಬಿಯಾಗಿದ್ದವು.

ಮೂರನೆಯದು ಮುಖ್ಯವಾದುದು: ಕತೆ ಇಲ್ಲಿಯದಾಗಿರಬೇಕು. ನಮ್ಮ ಸುತ್ತಲಿನ ನಾಡು ವಿಜ್ಞಾನ ಕತೆಗೆ ಬಡವಲ್ಲ. ಮೊದಲು ಬಾಗೇವಾಡಿ ತಾಲೂಕಿನಲ್ಲಿದ್ದು ಈಗ ನಿಡಗುಂದಿ ತಾಲೂಕಿಗೆ ಸೇರಿದ ಆಲಮಟ್ಟಿಯಲ್ಲಿ 1964ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಯವರು ಅಣೆಕಟ್ಟಿಗೆ ಅಡಿಗಲ್ಲಿಟ್ಟರು. ಅದರ ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು. ಮೊಸರಿಗೆ ಹೆಸರಾದ ಹಳೆಯ ಕೊಲ್ಹಾರ ಮುಳುಗಿತು. ಬಾಗಲಕೋಟೆಯ ಹಳೆಯ ಪೇಟೆಯೂ ಬಹುಪಾಲು ತೆರವಾಯಿತು. ಇಂಗ್ಲೆಂಡಿನ ಜೆ.ಜಿ. ಬಲ್ಲಾರ್ಡನು 1962ರಲ್ಲಿ ನೀರಲ್ಲಿ ಮುಳುಗಿದ ನಗರಗಳ ಕಾದಂಬರಿಯೊಂದನ್ನು ಬರೆದನು. ಅವನು ಅದನ್ನು ಊಹಿಸಿಕೊಳ್ಳಬೇಕಾಯಿತು. ನಮ್ಮ ತರಗತಿಯಲ್ಲಿ ಅಜ್ಜನ ಮನೆಯ ಹೊಸ್ತಿಲು ನೀರಿನಡಿಯಲ್ಲಿರುವವರು ಇದ್ದಾರೆ. 'ಕೃಷ್ಣೆಯ ಕೆಳಗಿನ ಊರು' ಎಂಬ ಹೆಸರು ಅವರದೇ.

ಇನ್ನೊಂದು ಪುಸ್ತಕ 'ಎಂಟನೆಯ ಮರುದನಿ'. ವಿಜಯಪುರದ ಗೋಲಗುಮ್ಮಟ 1656ರಲ್ಲಿ ಮುಗಿದದ್ದು. ಸುಮಾರು 44 ಮೀಟರು ವ್ಯಾಸದ ಅದರ ಗುಮ್ಮಟ ಯಾವ ಚಿತ್ರಕಾರನ ಗಗನನೌಕೆಗೂ ಕಡಿಮೆಯಲ್ಲ. ಪಿಸುಗುಡುವ ಆ ಮೊಗಸಾಲೆಯಲ್ಲಿ ಕೂಗಿದ ದನಿ ಏಳು ಸಲ ಮರಳುತ್ತದೆಂದು ಹೇಳುವುದು ವಾಡಿಕೆ. ಒಂದು ದಿನ ಎಂಟನೆಯ ಸಲವೂ ಮರಳಿತು. ಆದರೆ ಅದು ಕೂಗಿದವನ ದನಿಯಾಗಿರಲಿಲ್ಲ. ಮುಖಚಿತ್ರದಲ್ಲಿ ಇರುವುದು ಇಷ್ಟೆ: ಕಪ್ಪು ಗುಮ್ಮಟ, ಏಳು ಹಳದಿ ವರ್ತುಲಗಳು, ಹೊರಗೆ ಬಿಳಿಯದೊಂದು.

ಮೂರನೆಯದು 'ಮಳೆಯ ಕಾರಖಾನೆ'. ಡೋಣಿಯ ದಂಡೆಯ ಬಿರುಕುಬಿಟ್ಟ ಎರೆ, ಮೋಡಕ್ಕೆ ಬಿತ್ತನೆ ಮಾಡುವ ಒಂದು ಕೂರಿಗೆ. ಇದನ್ನು ನೋಡಿ ನಕ್ಕವರಿಗೆ ಒಂದು ಮಾತು: ಕರ್ನಾಟಕ ಸರ್ಕಾರವೇ 2003ರಲ್ಲಿಯೂ 2017ರಲ್ಲಿಯೂ ವಿಮಾನಗಳಿಂದ ಮೋಡಬಿತ್ತನೆ ನಡೆಸಿತು. ಮೋಡ ಬಿತ್ತಿದರೆ ಆ ಮಳೆ ಯಾರ ಹೊಲಕ್ಕೆ ಸೇರಿದ್ದು, ಪಕ್ಕದ ತಾಲೂಕಿನವರು ಕೇಳಿದರೆ ಏನು ಹೇಳುವುದು? ಇಂಥ ಪ್ರಶ್ನೆಗಳನ್ನು ಎಬ್ಬಿಸುವುದೇ ವಿಜ್ಞಾನ ಕತೆಯ ಕೆಲಸ. ಈ ಚಿತ್ರ ಬರೆದ ಗೆಳೆಯನು ಈಗ ಆ ಕತೆಯನ್ನೇ ಬರೆಯತೊಡಗಿದ್ದಾನೆ. ಕುಲಾವಿ ಮೊದಲು, ಕೂಸು ಆಮೇಲೆ!

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಕಲ್ಪನೆ ಬೇರೆ, ಖೋಟಾ ಬೇರೆ. ಚೆನ್ನಾಗಿ ಬರೆದ ಹುಸಿ ಮುಖಚಿತ್ರ ಕೈಯಿಂದ ಕೈಗೆ ಹೋಗುತ್ತ ನಾಲ್ಕು ದಿನಗಳಲ್ಲಿ ನಿಜವಾಗಿಬಿಡುತ್ತದೆ. ಕನ್ನಡದಲ್ಲಿ 1958ರಲ್ಲಿಯೇ ಇಂಥದೊಂದು ಮಾಲೆ ಇತ್ತಂತೆ ಎಂದು ಯಾರೋ ಪ್ರಬಂಧದಲ್ಲಿ ಬರೆದರೂ ಬರೆದಾರು. ನಮ್ಮದು ಬಸವಣ್ಣನವರು ಹುಟ್ಟಿದ ಊರು. ಅವರ ವಚನಗಳನ್ನು ಲೋಕಕ್ಕೆ ತಲುಪಿಸಲು ಫ.ಗು. ಹಳಕಟ್ಟಿಯವರು 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಮರುವರುಷ 'ಶಿವಾನುಭವ' ಪತ್ರಿಕೆ ಹೊರಡಿಸಿದರು. ಹಾಳೆಹಾಳೆಯಾಗಿ ಓಲೆಗರಿ ಹುಡುಕಿ, ಪಾಠ ನೋಡಿ ಅಚ್ಚುಹಾಕಿದ ಇಂಥವರ ಜಿಲ್ಲೆಯಲ್ಲಿ ಇಲ್ಲದ ಪುಸ್ತಕವನ್ನು ಇದ್ದಂತೆ ತೋರಿಸುವುದು ಶೋಭಿಸದು. ಆದುದರಿಂದ ನಿಜವಾದ ಪ್ರಕಾಶಕರ ಹೆಸರನ್ನಾಗಲಿ ಲೇಖಕರ ಹೆಸರನ್ನಾಗಲಿ ಬಳಸದೆ, ಪ್ರತಿಯೊಂದು ಚಿತ್ರದ ಕೆಳಗೂ 'ಕಲ್ಪಿತ' ಎಂಬ ಮಾತನ್ನೂ ಬರೆದವರ ಹೆಸರನ್ನೂ ಬರೆದ ವರುಷವನ್ನೂ ನಮೂದಿಸಬೇಕು.

ಬರೆದವರ ಹೆಸರು ಎಂದೆ. ಇಲ್ಲಿಯೇ ನನ್ನ ಮನಸ್ಸಿಗೆ ನೋವಾಗುವ ಸಂಗತಿಯೊಂದಿದೆ. ಹುಸಿ ಮುಖಚಿತ್ರಕ್ಕೆ ಮಾದರಿ ಬೇಕೆಂದು ನಿಜವಾದ ಹಳೆಯ ಕನ್ನಡ ಪುಸ್ತಕಗಳನ್ನು ನೋಡಲು ನಾನು ಒಂದು ಗ್ರಂಥಾಲಯಕ್ಕೆ ಹೋದೆ. ಸಾಲುಸಾಲಾಗಿ ಕಾದಂಬರಿಗಳಿದ್ದವು, ಮುಖಚಿತ್ರಗಳಿರಲಿಲ್ಲ. ಪುಸ್ತಕ ಬಾಳಿಕೆ ಬರಲೆಂದು ದಪ್ಪ ರಟ್ಟು ಕಟ್ಟಿಸುವಾಗ ಮೂಲದ ತೆಳು ಹೊದಿಕೆಯನ್ನು ಕಿತ್ತುಹಾಕಿದ್ದರು. ಎಲ್ಲ ಪುಸ್ತಕಗಳೂ ಒಂದೇ ಕಂದುಬಣ್ಣದ ಸಮವಸ್ತ್ರದಲ್ಲಿ ನಿಂತಿದ್ದವು. ಎಷ್ಟೋ ಪುಸ್ತಕಗಳಲ್ಲಿ ಮುದ್ರಕನ ಹೆಸರಿದೆ, ಬೆಲೆ ಇದೆ, ಪ್ರತಿಗಳ ಸಂಖ್ಯೆ ಇದೆ. ಮುಖಚಿತ್ರ ಬರೆದವನ ಹೆಸರಿಲ್ಲ. ಕಲಬುರ್ಗಿಯ ಎಸ್.ಎಂ. ಪಂಡಿತರಂತೆ ಪೋಸ್ಟರಿನಿಂದಲೂ ಕ್ಯಾಲೆಂಡರಿನಿಂದಲೂ ದೇಶಕ್ಕೆಲ್ಲ ಹೆಸರಾದವರು ಕೆಲವರೇ. ಉಳಿದವರು ಬರೆದರು, ಕೂಲಿ ಪಡೆದರು, ಮರೆಯಾದರು. ಇಲ್ಲದ ಪುಸ್ತಕಗಳಿಗೆ ಮುಖಚಿತ್ರ ಬರೆದು ಸಂತೋಷಪಡುವ ನಾವು, ಇದ್ದ ಪುಸ್ತಕಗಳ ಮುಖಚಿತ್ರಗಳು ರದ್ದಿಗೆ ಹೋಗುವುದನ್ನು ಸುಮ್ಮನೆ ನೋಡುತ್ತಿರುವುದು ಸರಿಯೆ?

ಆದುದರಿಂದ ಎರಡು ಸೂಚನೆಗಳನ್ನು ಗೆಳೆಯರ ಮತ್ತು ಅಧ್ಯಾಪಕರ ಮುಂದಿಡುತ್ತೇನೆ. ಒಂದು, ಗ್ರಂಥಾಲಯದ ಪುಸ್ತಕಕ್ಕೆ ರಟ್ಟು ಕಟ್ಟಿಸುವಾಗ ಹಳೆಯ ಹೊದಿಕೆಯನ್ನು ಎಸೆಯದೆ ಒಳಗೆ ಸೇರಿಸಿ ಹೊಲಿಸಬೇಕು. ಆಗದಿದ್ದರೆ ಲಕೋಟೆಯಲ್ಲಿಟ್ಟು ಪುಸ್ತಕದ ಸಂಖ್ಯೆಯನ್ನು ಅದರ ಮೇಲೆ ಬರೆಯಬೇಕು. ಇದಕ್ಕೆ ತಗಲುವ ವೆಚ್ಚ ತೀರ ಅಲ್ಪ. ಎರಡು, ಮುಂದಿನ ವರುಷ ವಿದ್ಯಾರ್ಥಿಗಳು ಬರೆದ ಕಲ್ಪಿತ ಮುಖಚಿತ್ರಗಳನ್ನೂ ಮನೆಮನೆಗಳಿಂದ ಕೂಡಿಸಿದ ನಿಜವಾದ ಹಳೆಯ ಮುಖಚಿತ್ರಗಳನ್ನೂ ಒಂದೇ ಗೋಡೆಯ ಮೇಲೆ, ಎರಡು ಬೇರೆ ಸಾಲುಗಳಲ್ಲಿ ಪ್ರದರ್ಶಿಸಬೇಕು. ನಿಜವಾದವುಗಳಲ್ಲಿ ಚಿತ್ರಕಾರರ ಹೆಸರು ಗೊತ್ತಾದಷ್ಟನ್ನು ಬರೆದು, ಗೊತ್ತಾಗದ ಕಡೆ ಸ್ಥಳ ಬಿಡೋಣ. ನೋಡಲು ಬಂದ ಹಿರಿಯರಲ್ಲಿ ಯಾರಾದರೂ ಅಂಥ ಒಂದು ಸ್ಥಳವನ್ನು ತುಂಬಿಕೊಟ್ಟರೂ ನಮ್ಮ ಶ್ರಮ ಸಾರ್ಥಕವಾದೀತು.