ಶಿರಾ ಗೇಟಿನ ಟೀ ಯಾರ ಕೈಯದು?



ಶಿರಾ, ಮಧುಗಿರಿ, ಪಾವಗಡ ಸೀಮೆಯಲ್ಲಿ ಮಳೆ ಕೈಕೊಟ್ಟಾಗೆಲ್ಲ ಜನ ಗಂಟು ಕಟ್ಟಿಕೊಂಡು ತುಮಕೂರಿಗೆ ಬಂದಿದ್ದಾರೆ. ಶಿರಾ ಗೇಟ್ ಅಂಥವರು ಬಂದಿಳಿಯುವ ಬಾಗಿಲು. ಹೊಲ ಇದ್ದವನು ಬರಕ್ಕೆ ಹೆದರಿ ಬಂದ. ಹೊಲವೇ ಇಲ್ಲದ ನಮ್ಮವನು ಬರಕ್ಕೂ ಹೆದರಿ, ಊರಿಗೂ ಹೆದರಿ ಬಂದ. ಹಳ್ಳಿ ಅನ್ನೋದು ಸಣ್ಣತನದ, ಅಜ್ಞಾನದ ಕೊಂಪೆ ಎಂದು ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲೇ ಹೇಳಿದ್ದರು. ಪಟ್ಟಣದಲ್ಲಾದರೂ ದುಡಿದವನು ಮೇಲೆ ಬರ್ತಾನೆ ಅಂತ ನಾವು ನಂಬಿದೆವು.

ಮೇಲೆ ಬಂದವರಿದ್ದಾರೆ. ಉಡುಪಿ ಸೀಮೆಯಿಂದ ಬೆಂಗಳೂರಿಗೆ ಬಂದ ಮಯ್ಯ ಸೋದರರು 1924ರಲ್ಲಿ ಒಂದು ಹೋಟ್ಲು ತೆಗೆದರು. ಅದೇ ಮುಂದೆ ಎಂ.ಟಿ.ಆರ್. ಆಯಿತು. ಅವರು ಬೆವರು ಸುರಿಸಲಿಲ್ಲ ಅಂತ ಯಾರೂ ಹೇಳೋದಿಲ್ಲ. ಆದರೆ ಮೊದಲು ಆ ಹೋಟ್ಲಿನ ಹೆಸರು ‘ಬ್ರಾಹ್ಮಿನ್ ಕಾಫಿ ಕ್ಲಬ್’. ಜಾತಿಯೇ ಅಲ್ಲಿ ಅರ್ಧ ಬಂಡವಾಳ. ಅಂಥವರ ಕೈಯಡಿಗೆಯನ್ನು ಯಾವ ಜಾತಿಯವನೂ ಬೇಡ ಅನ್ನಲಿಲ್ಲ.

ನಮ್ಮವನು ರಸ್ತೆ ಬದಿ ಚಪ್ಪಲಿ ಹೊಲಿಯೋ ಪೆಟ್ಟಿಗೆ ಇಟ್ಟರೆ ಯಾರೂ ಜಾತಿ ಕೇಳೋದಿಲ್ಲ, ಕೇಳದೆಯೇ ಗೊತ್ತು. ಅದೇ ಜಾಗದಲ್ಲಿ ಅದೇ ಮನುಷ್ಯ ಇಡ್ಲಿ ಪಾತ್ರೆ ಇಡಲಿ, ‘ನಿಮ್ದು ಯಾವ ಕಡೆ? ಯಾವ ಪೈಕಿ?’ ಶುರುವಾಗ್ತದೆ. ಬ್ರಾಹ್ಮಣರ ಹೋಟ್ಲು, ಲಿಂಗಾಯತ ಖಾನಾವಳಿ, ಗೌಡ್ರ ಹೋಟ್ಲು ಅಂತ ಬೋರ್ಡು ನೋಡಿದ್ದೀರಿ. ಹೊಲೆಯರ ಹೋಟ್ಲು, ಮಾದಿಗರ ಟೀ ಅಂಗಡಿ ಅಂತ ಬೋರ್ಡು ಎಲ್ಲಿ ನೋಡಿದಿರಿ? ಸಂವಿಧಾನದ 15 ಮತ್ತು 17ನೇ ವಿಧಿಗಳ ಬಲದಿಂದ ಅವರ ಹೋಟ್ಲಿಗೆ ನಾವು ಹೋಗಬಹುದು. ನಮ್ಮ ಟೀ ಅವರು ಕುಡೀಬೇಕು ಅಂತ ಯಾವ ಕಾನೂನೂ ಹೇಳೋದಿಲ್ಲ. ಅದಕ್ಕೇ ನಮ್ಮವನು ಜಾತಿ ಮುಚ್ಚಿಟ್ಟು ವ್ಯಾಪಾರ ಮಾಡ್ತಾನೆ, ಸಿಕ್ಕಿಬೀಳುವ ಭಯದಲ್ಲೇ ಬದುಕ್ತಾನೆ.

ಇದರ ಮೇಲೆ ಎತ್ತಂಗಡಿಯ ಭಯ ಬೇರೆ. ಬೀದಿ ವ್ಯಾಪಾರ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸರ್ವೆ ಮುಗಿಸಿ ಸರ್ಟಿಫಿಕೇಟು ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಎಬ್ಬಿಸುವುದಾದರೆ 30 ದಿನದ ನೋಟೀಸು ಬೇಕು. ಸಾಮಾನು ಹೊತ್ತೊಯ್ದರೆ ಪಟ್ಟಿ ಬರೆದು ಸಹಿ ಹಾಕಿ ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಷ್ಟು ಜನ ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು, ಪರಿಶಿಷ್ಟರಿಗೂ ಪಾಲು. ಜಾಮೀನಿಲ್ಲದ ಸ್ವನಿಧಿ ಸಾಲ 2020ರಲ್ಲಿ 10,000 ರೂಪಾಯಿಯಿಂದ ಶುರುವಾಯಿತು, 2025ರಲ್ಲಿ ಮೊದಲ ಕಂತು 15,000 ಆಯಿತು. ಬೆಳಿಗ್ಗೆ 900 ಕೊಟ್ಟು ಸಂಜೆ 1000 ಕಿತ್ತುಕೊಳ್ಳುವ ಮೀಟರ್ ಬಡ್ಡಿಯವನ ಕೈಯಿಂದ ಪಾರಾಗಲು ಇದೊಂದು ದಾರಿ.

ಕೇಳದಿದ್ದರೆ ಇದೆಲ್ಲ ಬರೀ ಕಾಗದ. ಒಬ್ಬೊಬ್ಬನೇ ಹೋದರೆ ‘ನಾಳೆ ಬಾ’. ಆದ್ದರಿಂದ ಗುಂಪಾಗಿ ಹೋಗಿ. ಸರ್ವೆಯಲ್ಲಿ ಹೆಸರು ಬರೆಸಿ. ಸಮಿತಿಯಲ್ಲಿ ನಮ್ಮ ಹೆಣ್ಣುಮಕ್ಕಳು ಕೂರಲಿ.

ಇನ್ನೊಂದು ಮಾತು ನಮಗೇ. ಸಭೆಗೆ ಬಂದು ಘೋಷಣೆ ಕೂಗಿ, ಟೀ ಕುಡಿಯೋಕೆ ದೊಡ್ಡ ಹೋಟ್ಲಿಗೆ ಹೋಗುವವರು ನಮ್ಮಲ್ಲೂ ಇದ್ದಾರೆ. ಮೊದಲು ನಮ್ಮವರ ಗೂಡಂಗಡಿ ಮುಂದೆ ನಾವು ನಿಲ್ಲೋಣ. ಅಂಗಡಿಯಲ್ಲಿ ಬಾಬಾಸಾಹೇಬರ ಪಟ ಹೆದರದೆ ಹಾಕೋಣ. ಆ ಪಟ ನೋಡಿಯೂ ಬಂದು ಟೀ ಕುಡಿಯುವವನೇ ನಿಜವಾದ ಗಿರಾಕಿ.